ಹಳೆ ದೇವರಿಗೆ ಸ್ಟೀಲ್ ಡಬ್ಬಿ

ನನ್ನ ಅಂಗಡಿಗೆ ಬರುವ ಗಿರಾಕಿಗಳಲ್ಲಿ ಅರ್ಧ ಜನ ಪಾತ್ರೆ ನೋಡುವ ಮೊದಲು ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆ ನೋಡುತ್ತಾರೆ. ಅಲ್ಲೊಂದು ಲಕ್ಷ್ಮಿಯ ಪಟವಿದೆ. ಗಾಜಿನ ಬಲ ಮೂಲೆಯಿಂದ ದೇವಿಯ ಕಿರೀಟದವರೆಗೆ ಒಂದು ಬಿರುಕು. "ಇಷ್ಟು ದೊಡ್ಡ ಅಂಗಡಿ ಇಟ್ಕೊಂಡು ಒಂದು ಗಾಜು ಹಾಕ್ಸೋಕಾಗಲ್ವಾ ಜಯಕ್ಕಾ?" ಎನ್ನುತ್ತಾರೆ. ದೊಡ್ಡ ಅಂಗಡಿ ಎಂದದ್ದು ಅವರು. ನಾನು ಯಾವತ್ತೂ ಅಡ್ಡ ಬಂದಿಲ್ಲ. ಅಲ್ಲದೆ ಚೌಕಾಸಿಗೆ ನಿಂತ ಗಿರಾಕಿಯ ಗಮನ ಎರಡು ನಿಮಿಷ ಬೇರೆ ಕಡೆ ತಿರುಗಿದರೆ ಅಂಗಡಿಯವಳಿಗೆ ಒಳ್ಳೆಯದೇ. ನೀವೂ ಏನಾದರೂ ಮಾರುವವರಾಗಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ, ಗೋಡೆಗೆ ಒಂದು ಒಡಕು ಸಾಮಾನು ತೂಗುಹಾಕಿ.

ಆದರೆ ಆ ಬಿರುಕನ್ನು ನಾನು ಉಳಿಸಿಕೊಂಡಿರುವುದು ವ್ಯಾಪಾರಕ್ಕಲ್ಲ. ಅದರ ಕತೆ ಬೇರೆ. ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಹುಟ್ಟಿದ್ದು ತುಮಕೂರಿನಲ್ಲಿ, ಬೆಳೆದದ್ದು ಅಮ್ಮನ ಪಾತ್ರೆ ಬುಟ್ಟಿಯ ಹಿಂದೆ. ಅಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು "ಹಳೇ ಬಟ್ಟೇಗೆ ಸ್ಟೀಲ್ ಪಾತ್ರೇ...!" ಎಂದು ಬೀದಿ ಬೀದಿ ಕೂಗುತ್ತಾ ಹೋದರೆ, ಬಟ್ಟೆಗಂಟು ಹೊತ್ತು ಹಿಂದೆ ನಾನು. ಮನೆಯಾಕೆ ಹಳೆ ಪ್ಯಾಂಟು, ಸೀರೆ ತಂದು ಜಗಲಿಗೆ ಹಾಕುತ್ತಿದ್ದಳು. ಅಮ್ಮ ಒಂದೊಂದನ್ನೂ ಎರಡು ಕೈಯಲ್ಲಿ ಬಿಡಿಸಿ ಬಿಸಿಲಿಗೆ ಎತ್ತಿ ಹಿಡಿಯುತ್ತಿದ್ದಳು. ಬೆಳಕು ಹಾಯ್ದು ಬಂದರೆ ಬಟ್ಟೆ ಸವೆದಿದೆ ಎಂದು ಅರ್ಥ. ಆಗ ತಪ್ಪಲೆಯ ಮಾತು ಲೋಟಕ್ಕೂ, ಲೋಟದ ಮಾತು ಚಮಚಕ್ಕೂ ಇಳಿಯುತ್ತಿತ್ತು. ಆ ಅಭ್ಯಾಸ ನನಗೂ ಅಂಟಿಕೊಂಡಿದೆ. ಮಗಳ ನಿಶ್ಚಿತಾರ್ಥದಲ್ಲಿ ಬೀಗರು ಕೊಟ್ಟ ರೇಷ್ಮೆ ಸೀರೆಯನ್ನು ತುಂಬಿದ ಸಭೆಯಲ್ಲಿ ಟ್ಯೂಬ್‌ಲೈಟಿಗೆ ಎತ್ತಿ ಹಿಡಿದುಬಿಟ್ಟೆ. ಬೀಗಿತ್ತಿ ಈಗಲೂ ನನ್ನ ಹತ್ತಿರ ಹವಾಮಾನದ ವಿಷಯ ಬಿಟ್ಟು ಬೇರೆ ಮಾತಾಡುವುದಿಲ್ಲ.

ನಮ್ಮ ಮನೆಯಲ್ಲಿ ಹೊಸ ಪಾತ್ರೆ ಒಂದೂ ಇರಲಿಲ್ಲ. ಹೊಸದೆಲ್ಲ ಬುಟ್ಟಿಗೆ, ಹಳೆಯದು ನಮಗೆ. ಕೆಲವರು ಬಟ್ಟೆ ಸಾಲದೆ ಬಂದಾಗ ಹಳೆ ತಟ್ಟೆ, ಚೊಂಬು ಸೇರಿಸಿ ಕೊಡುತ್ತಿದ್ದರು. ಅವುಗಳ ಮೇಲೆಲ್ಲ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರುಗಳಿರುತ್ತಿದ್ದವು. ನಾನು ಉಂಡು ಬೆಳೆದ ತಟ್ಟೆಯ ಮೇಲೆ 'ಕೆ. ರುದ್ರಮ್ಮ' ಎಂದಿತ್ತು. ತಟ್ಟೆಗಳಿಗೂ ಮನುಷ್ಯರ ಹಾಗೆ ನಾಮಕರಣ ಮಾಡುತ್ತಾರೆಂದು ನಾನು ಬಹಳ ದಿನ ನಂಬಿದ್ದೆ. "ಅಮ್ಮಾ, ರುದ್ರಮ್ಮಂಗೆ ಇನ್ನೊಂದು ಸೌಟು ಸಾರು ಹಾಕು" ಎನ್ನುತ್ತಿದ್ದೆ. ಅಮ್ಮ ನಗುತ್ತಾ ಹಾಕುತ್ತಿದ್ದಳು, ಸಾರು ಇದ್ದ ದಿನ.

ಅಮ್ಮ ಓದಿದವಳಲ್ಲ. ಆದರೆ ವ್ಯಾಪಾರದ ವಿಷಯದಲ್ಲಿ ಅವಳು ಹೇಳಿದ ಒಂದು ಮಾತಿನ ಮೇಲೆ ನಾನು ಅಂಗಡಿ ಕಟ್ಟಿದ್ದೇನೆ. "ಎದುರಿಗಿರೋಳು ಏನು ಕೇಳ್ತಾಳೆ ಅಂತ ಕಿವಿ ಕೊಡ್ಬೇಡ ಕಣೇ ಜಯಾ. ಅವಳ ಕಣ್ಣು ಬುಟ್ಟೀಲಿ ಯಾವುದರ ಮೇಲೈತೆ, ಅದನ್ನ ನೋಡು." ಬಾಯಲ್ಲಿ ಬಕೆಟ್ ಕೇಳುವವಳ ಕಣ್ಣು ಎಷ್ಟೋ ಸಲ ಮುಚ್ಚಳವಿರುವ ಪುಟ್ಟ ಡಬ್ಬಿಯ ಮೇಲಿರುತ್ತದೆ. ಅದನ್ನು ಕೈಗಿಟ್ಟರೆ ಬಕೆಟ್ಟಿನ ಮಾತೇ ಬರುವುದಿಲ್ಲ.

ಆ ಬುಟ್ಟಿಯನ್ನೇ ಹೊತ್ತುಕೊಂಡು ನಾನು ಬೆಂಗಳೂರಿಗೆ ಬಂದೆ. ಪೀಣ್ಯದ ಬೆನ್ನಿಗಿರುವ ದಾಸರಹಳ್ಳಿಯ ಗಲ್ಲಿಗಳನ್ನು ಹತ್ತು ಹನ್ನೆರಡು ವರ್ಷ ಸುತ್ತಿ, ಕೊನೆಗೆ ಅಲ್ಲೇ ಒಂದು ಗಲ್ಲಿಯ ಬಾಯಿಯಲ್ಲಿ ಅಂಗಡಿ ಹಾಕಿದೆ. ಗಲ್ಲಿಯೆಂದರೆ ನಲವತ್ತು ಮನೆ, ಹೆಚ್ಚಿನವು ಹತ್ತಡಿ ಕೋಣೆಗಳು. ಎದುರು ಮನೆಯವರು ಒಗ್ಗರಣೆ ಹಾಕಿದರೆ ಸೀನುವವರು ಈ ಮನೆಯವರು. ಕಸದ ಆಟೊ ಇಲ್ಲಿಗೆ ತೂರುವುದಿಲ್ಲ. ಒಂಬತ್ತೂವರೆಗೆ ಮೇನ್ ರೋಡಿನಲ್ಲಿ ನಿಂತು ಹಾಡು ಹಾಕುತ್ತದೆ. ಆ ಹೊತ್ತಿಗೆ ಗಲ್ಲಿಯವರೆಲ್ಲ ಲೇತ್ ಮೆಷಿನ್ನಿನ ಮುಂದೆಯೋ ಹೊಲಿಗೆ ಮೆಷಿನ್ನಿನ ಮುಂದೆಯೋ ಇರುತ್ತಾರೆ. ಹಾಡು ಕೇಳುವವಳು ನಾನು, ಕೇಳಿ ತಲೆದೂಗುವವು ನಾಯಿಗಳು. ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಬಕೆಟ್ ಮನೆಯಲ್ಲಿ ಇಡಿ ಎಂದು ಒಮ್ಮೆ ಕರಪತ್ರ ಹಂಚಿ ಹೋದರು. ಇಡಬಹುದಿತ್ತು, ಮಲಗುವವರಲ್ಲಿ ಇಬ್ಬರು ಎದ್ದು ನಿಂತುಕೊಂಡಿದ್ದರೆ.

ಹಾಗಾಗಿ ಎಲ್ಲರೂ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಒಂದು ಕ್ಯಾರಿಬ್ಯಾಗು ತರುತ್ತಿದ್ದರು. ಗಲ್ಲಿಯ ಮೂಲೆಯಲ್ಲಿ, ನನ್ನ ಅಂಗಡಿಯ ಎದುರಿನ ಕಾಂಪೌಂಡ್ ಗೋಡೆಯ ಪಕ್ಕ, ನಡಿಗೆ ನಿಲ್ಲಿಸದೆ ಕೈ ಬೀಸಿ ಎಸೆಯುತ್ತಿದ್ದರು. ಎಸೆದ ಮೇಲೆ ಮುಖ ನೋಡಬೇಕು. ಚೀಲ ತಾನಾಗಿಯೇ ಕೈಬಿಟ್ಟು ಹಾರಿಹೋಯಿತೇನೋ ಎಂಬಂತೆ ಆಕಾಶ ನೋಡುತ್ತಿದ್ದರು.

ಆ ಕಸದಿಂದ ಹತ್ತು ಹೆಜ್ಜೆಯಲ್ಲಿ ಶಾಂತವ್ವನ ಶೆಡ್ಡು. ಕೊಪ್ಪಳದ ಕಡೆಯವಳು, ನನಗಿಂತ ಚಿಕ್ಕವಳು. ತಗಡಿನ ಮಾಡಿನ ಕೆಳಗೆ ಕೂತು ಜೋಳದ ರೊಟ್ಟಿ ತಟ್ಟುತ್ತಾಳೆ. ಅವಳ ಕೈಯ ಪಟಪಟ ಸದ್ದು ಕೇಳಿದರೆ ಉತ್ತರ ಕರ್ನಾಟಕದ ಕೆಲಸಗಾರರು ಮೂರು ಗಲ್ಲಿಯಾಚೆಯಿಂದ ಬರುತ್ತಿದ್ದರು. ಆ ಒಲೆ ಉರಿದರೆ ಅವಳ ಮನೆ ನಡೆಯಬೇಕು, ಮಗಳ ನರ್ಸಿಂಗ್ ಓದು ನಡೆಯಬೇಕು. ಒಲೆ ಉರಿಯುತ್ತಿತ್ತು, ಗಿರಾಕಿ ಕಡಿಮೆಯಾಗುತ್ತಿದ್ದರು.

"ಯಕ್ಕಾ, ನಾ ರೊಟ್ಟಿ ತಟ್ಟೂದಕಿಂತ ನೊಣ ಹೊಡಿಯೂದ ಜಾಸ್ತಿ ಆಗೇತಿ" ಎಂದಳು ಒಂದು ದಿನ. "ಹಿಂಗಾದ್ರ ನಾ ಗಂಟು ಕಟ್ಟೂದ ಬರೋಬರಿ."

ನಾನು ಸುಮ್ಮನಿರುವ ಜಾತಿಯಲ್ಲ. ಸಲಹೆ ಕೇಳಿದವರಿಗೂ ಕೊಡುತ್ತೇನೆ, ಕೇಳದವರಿಗೂ ಕೊಡುತ್ತೇನೆ. "ಬೈದ್ರೆ ಕೇಳಲ್ಲ ಶಾಂತವ್ವ, ಬೋರ್ಡ್ ಹಾಕಿದ್ರೆ ಓದಲ್ಲ. ಆದ್ರೆ ದೇವರ ಮುಂದೆ ಕಸ ಹಾಕೋ ಧೈರ್ಯ ನಮ್ಮ ಜನಕ್ಕಿಲ್ಲ" ಎಂದೆ. ಒಂದು ಭಾನುವಾರ ಗಲ್ಲಿಯ ಹೆಂಗಸರು ಸೇರಿ ಮೂಲೆಯನ್ನು ಬಳಿದೆವು, ನೀರು ಹೊಡೆದೆವು, ರಂಗೋಲಿ ಹಾಕಿದೆವು. ಗೋಡೆಗೆ ಒಂದು ಲಕ್ಷ್ಮಿಯ ಪಟ ಒರಗಿಸಿ ಹೂ ಇಟ್ಟೆ. ಪಟ ನಮ್ಮ ಮನೆಯದೇ. ಗಾಜು ಸ್ವಲ್ಪ ಬಿರುಕು ಬಿಟ್ಟಿತ್ತು, ಅಷ್ಟೆ.

ಮೂರು ವಾರ ಒಂದು ಚೀಲ ಬೀಳಲಿಲ್ಲ. ನಾನು ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಹೋಗಿ ಬರುವವರಿಗೆಲ್ಲ ತೋರಿಸಿದೆ. ಪಕ್ಕದ ಗಲ್ಲಿಯವರಿಗೆ ಕರೆದು ಬುದ್ಧಿ ಹೇಳಿದೆ. ನಾಲ್ಕನೆಯ ವಾರ ಲಕ್ಷ್ಮಿಯ ಪಕ್ಕದಲ್ಲಿ ಒಬ್ಬ ವೆಂಕಟರಮಣ ಬಂದು ನಿಂತಿದ್ದ. ಚೌಕಟ್ಟಿನ ಒಂದು ಮಗ್ಗುಲು ಗೆದ್ದಲು ತಿಂದಿತ್ತು. ಭಕ್ತಿ ಹೆಚ್ಚುತ್ತಿದೆ ಎಂದುಕೊಂಡೆ. ಮರುದಿನ ಇಬ್ಬರು ಗಣಪತಿ ಬಂದರು. ಆಮೇಲೆ ಹೋದ ವರ್ಷಗಳ ದೇವರ ಕ್ಯಾಲೆಂಡರು, ಒಣಗಿದ ಹಾರ, ಮೂತಿ ಮುರಿದ ದೀಪ. ಗಣಪತಿಯ ಚಿತ್ರವಿರುವ ಮದುವೆ ಕರೆಯೋಲೆಗಳಂತೂ ಕಂತೆ ಕಂತೆ!

ಆಗ ತಿಳಿಯಿತು ನನಗೆ. ನಿಮ್ಮ ಮನೆಯಲ್ಲೂ ಒಂದಿರುತ್ತದೆ, ಸುಳ್ಳು ಹೇಳಬೇಡಿ. ಬೀರುವಿನ ಹಿಂದೆಯೋ ಅಟ್ಟದ ಮೇಲೆಯೋ ಪೇಪರಿನಲ್ಲಿ ಸುತ್ತಿಟ್ಟ ಒಡೆದ ದೇವರ ಪಟ. ಮನೆಯಲ್ಲಿ ಇಡಬಾರದು, ಕಸಕ್ಕೆ ಹಾಕಬಾರದು. ಮೊದಲಾದರೆ ಅರಳಿಮರದ ಬುಡದಲ್ಲಿಟ್ಟು ಕೈಮುಗಿದು ಬರುತ್ತಿದ್ದೆವು. ಪೀಣ್ಯದ ಸುತ್ತ ಅರಳಿಮರ ಎಲ್ಲಿ ಉಳಿದಿದೆ? ಇಡೀ ದಾಸರಹಳ್ಳಿ ಒಂದು ಅರಳಿಮರಕ್ಕಾಗಿ ಕಾಯುತ್ತಿತ್ತು, ನಾನು ಗೋಡೆಗೆ ಪಟ ಒರಗಿಸಿ ಮರ ನೆಟ್ಟುಬಿಟ್ಟಿದ್ದೆ.

ಕಸದ ಆಟೊ ಓಡಿಸುವ ನಾಗರಾಜನನ್ನು ಕರೆದು ತೋರಿಸಿದೆ. ಅವನು ಚಪ್ಪಲಿ ಬಿಟ್ಟು ಕೈಮುಗಿದ.

"ಕೈ ಮುಗಿಯೋದಲ್ವೋ, ಎತ್ತಪ್ಪಾ ಇದನ್ನೆಲ್ಲ."

"ಅಕ್ಕಾ, ಮಾಮೂಲಿ ಕಸ ಆದ್ರೆ ಒಂದ್ನಿಮಿಷದ ಕೆಲ್ಸ. ದೇವ್ರನ್ನ ಹೆಂಗೆ ಗಾಡಿಗೆ ಹಾಕ್ಲಿ? ನಂಗೂ ಹೆಂಡ್ತಿ ಮಕ್ಳು ಅವ್ರೆ" ಎಂದು ಹೊರಟೇಹೋದ.

ಇನ್ನೊಂದು ವಾರಕ್ಕೆ ದೇವರ ಪಟಗಳ ಬೆನ್ನ ಹಿಂದೆ ಕ್ಯಾರಿಬ್ಯಾಗುಗಳೂ ಬಂದು ಕೂತವು. ಮುಂದೆ ದೇವರು, ಹಿಂದೆ ಕಸ. ದೇವರು ನೋಡುವುದು ಮುಂದಕ್ಕೆ ಮಾತ್ರ ಎಂದು ಜನ ಲೆಕ್ಕ ಹಾಕಿದ್ದರು. ಮನೆ ಮನೆಗೆ ಹೋಗಿ ಕೇಳಿದರೆ ಯಾವ ಪಟವೂ ಯಾರದೂ ಅಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಮುಖ ಮುಚ್ಚಿಕೊಂಡು ಇರುತ್ತಿದ್ದೆ. ಆದರೆ ಮುನಿಕೃಷ್ಣಪ್ಪನವರು ಬಂದರು. ಹಿಂದೆ ಅಲ್ಲಿ ರಾಗಿ ಹೊಲವಿದ್ದಾಗಿನಿಂದ ಆ ಜಾಗದವರು. ಈಗ ಗಲ್ಲಿಯ ಅರ್ಧ ಕೋಣೆಗಳಿಗೆ ಓನರ್ರು, ಆ ಮೂಲೆಯೂ ಶಾಂತವ್ವನ ಶೆಡ್ಡಿನ ಜಾಗವೂ ಅವರದೇ. ಪಟಗಳ ಸಾಲು ನೋಡಿ ಕಣ್ಣು ಒರೆಸಿಕೊಂಡರು.

"ನೋಡಮ್ಮೋ ಜಯಮ್ಮ, ದೇವ್ರು ತಾನಾಗೇ ಬಂದು ಕುಂತವ್ನೆ. ಬ್ಯಾಡ ಅನ್ನಕಾಯ್ತದಾ? ಇಲ್ಲೊಂದು ಗುಡಿ ಆಗ್ಲೇಬೇಕು. ಈ ಶೆಡ್ಡು ತೆಗುದ್ರೆ ಜಾಗ ಸರಿಯಾಯ್ತದೆ. ದೀಪಾವಳಿ ಒತ್ಗೆ ಕೆಲ್ಸ ಸುರು ಮಾಡೋಣ."

ಶಾಂತವ್ವನ ಕೈಯ ಸದ್ದು ನಿಂತಿತು. ಓನರ್ರು ಹೋಗುವವರೆಗೂ ಅವಳು ತಲೆ ಎತ್ತಲಿಲ್ಲ. ಆಮೇಲೆ ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ನನ್ನ ಅಂಗಡಿಯ ಮೆಟ್ಟಿಲಿಗೆ ಬಂದಳು.

"ಯಕ್ಕಾ, ಕಸ ಇದ್ದಾಗ ಕಸದ ಬಾಜೂಕ ನನಗ ಜಾಗಾ ಇತ್ತು. ನೀ ದೇವ್ರನ್ನ ಕರಕೊಂಡು ಬಂದಿ, ಈಗ ಜಾಗಾನ ಇಲ್ಲ ಅಂತಾರ. ನಾ ಯಾರ್ನ ಬೇಡ್ಕೊಳ್ಲಿ?"

ಸಲಹೆ ಕೊಡುವವರಿಗೆ ಒಂದು ಸಲಹೆ: ಕೊಟ್ಟ ಮೇಲೆ ಅದರ ಹತ್ತಿರವೇ ಅಂಗಡಿ ಇಟ್ಟುಕೊಂಡು ಕೂರಬೇಡಿ.

ಎರಡು ದಿನ ನನಗೆ ಊಟ ರುಚಿಸಲಿಲ್ಲ. ಮೂರನೆಯ ದಿನ ಒಬ್ಬಾಕೆ ತವರಿಗೆ ಕೊಡಲು ಒಂದು ಡಬ್ಬಿ ಕೊಂಡು ಹೆಸರು ಹಾಕಿಸಲು ನಿಂತಿದ್ದಳು. ಹೆಸರು ಹಾಕುವ ಮೆಷಿನ್ ನನ್ನ ಅಂಗಡಿಯ ಕಿರೀಟ. ಪೆನ್ನಿನ ಹಾಗಿರುತ್ತದೆ, ಸ್ಟೀಲಿಗೆ ತಾಗಿದರೆ ಟಿರ್ರ್ ಎಂದು ಚುಕ್ಕಿ ಕೊರೆಯುತ್ತದೆ. ಆಕೆ ಹೇಳುತ್ತಿದ್ದಳು, "ಗಂಡನ ಹೆಸರು ಸಣ್ಣದಾಗಿ ಬರೀರಿ ಅಕ್ಕ, ನಂದು ದೊಡ್ಡದಾಗಿ. ಹೆಸರಿಲ್ದೆ ಕೊಟ್ರೆ ಡಬ್ಬಿ ಯಾರ್ಯಾರ ಮನೆ ಸೇರತ್ತೋ!" ನಿಜವೇ. ಹೆಸರಿರುವ ಪಾತ್ರೆ ಎಲ್ಲಿದ್ದರೂ ತಿರುಗಿ ಬರುತ್ತದೆ. ಬೀಗರೂಟಕ್ಕೆಂದು ಎರವಲು ಹೋದ ಕೊಳದಪ್ಪಲೆ ಹನ್ನೆರಡು ವರ್ಷದ ಮೇಲೆ ಹೆಸರು ಹುಡುಕಿಕೊಂಡು ಬಂದದ್ದನ್ನು ನಾನು ಕಂಡಿದ್ದೇನೆ. ನಮ್ಮ ಹೆಂಗಸರು ಗಂಡನನ್ನು ಜಾತ್ರೆಯಲ್ಲಿ ಬಿಟ್ಟು ಬಂದಾರು, ಹೆಸರು ಹಾಕಿಸಿದ ಡಬ್ಬಿಯನ್ನು ಬಿಟ್ಟು ಬರುವುದಿಲ್ಲ.

ಮೆಷಿನ್ ಕೈಯಲ್ಲಿ ಟಿರ್ರ್ ಎನ್ನುತ್ತಿರುವಾಗಲೇ ಅಮ್ಮನ ಮಾತು ನೆನಪಾಯಿತು. ಮುನಿಕೃಷ್ಣಪ್ಪನವರು ಬಾಯಲ್ಲಿ ಕೇಳಿದ್ದು ಗುಡಿ. ಅವರ ಕಣ್ಣು ಎಲ್ಲಿತ್ತು? ಪಟಗಳನ್ನು ನೋಡಿದ್ದು ಒಂದು ಗಳಿಗೆ. ಆಮೇಲೆ ಕಣ್ಣೆಲ್ಲ ಇದ್ದದ್ದು ಗುಡಿಯ ಬಾಗಿಲು ಬರುವ ಜಾಗದ ಮೇಲೆ, ಕಟ್ಟಿಸಿದವರ ಹೆಸರಿನ ಕಲ್ಲು ಕೂರಿಸುವ ಎತ್ತರದಲ್ಲಿ.

ಸಂಜೆ ಅವರ ಮನೆಯ ಜಗಲಿಗೆ ಹೋದೆ.

"ಗುಡಿ ಕಟ್ಟಿದ್ರೆ ನಿಮ್ಮ ಹೆಸರು ಎಷ್ಟು ಕಡೆ ಬರತ್ತೆ ಯಜಮಾನ್ರೇ?"

"ಎಷ್ಟು ಕಡೆ ಅಂದ್ರೆ? ಬಾಗ್ಲ ಮ್ಯಾಲೆ ಒಂದ್ಕಡೆ."

"ಒಂದೇನಾ!"

"ಗಂಟೆ ಮ್ಯಾಲೂ ಬರುಸ್ಬೋದು. ಯಾಕೆ?"

"ಎರಡಾಯ್ತು. ನಾನು ನಲವತ್ತು ಮನೇಲಿ ಬರಸ್ತೀನಿ. ದಿನಾ ಬೆಳಗೆದ್ದು ಜನ ನಿಮ್ಮ ಹೆಸರು ಮುಟ್ಟಬೇಕು, ತೊಳೀಬೇಕು, ಒರಸ್ಬೇಕು. ಹಂಗೆ."

ಅವರು ಎಲೆ ಅಡಿಕೆ ಮಡಿಸುವುದು ನಿಲ್ಲಿಸಿದರು. "ಏತರ ಮ್ಯಾಲೆ?"

"ಸ್ಟೀಲ್ ಡಬ್ಬಿ ಮೇಲೆ."

"ಏನಿಡೋ ಡಬ್ಬಿ?"

ಇಲ್ಲಿ ನಾನು ಸ್ವಲ್ಪ ಕೆಮ್ಮಿದೆ. "ಹಸಿ ಕಸದ್ದು."

"ನನ್ನೆಸ್ರು ಕಸದ ಡಬ್ಬಿ ಮ್ಯಾಲಾ! ಏನ್ ಎಂಗಸಮ್ಮ ನೀನು! ಓಗ್, ಓಗ್!"

ನಾನು ಹೋಗಲಿಲ್ಲ. ಚೌಕಾಸಿಯಲ್ಲಿ 'ಹೋಗು' ಎಂಬುದು ಶುರುವಿನ ಮಾತು. ಸ್ಟೀಲು ತುಕ್ಕು ಹಿಡಿಯುವುದಿಲ್ಲ ಎಂದೆ. ಮೂಲೆ ಗಬ್ಬು ನಾರುತ್ತಿದ್ದರೆ ಕೋಣೆಗೆ ಬಾಡಿಗೆಗೆ ಬರುವವರೂ ಮೂಗು ಮುಚ್ಚಿಕೊಂಡೇ ಮಾತಾಡುತ್ತಾರೆ ಎಂದೆ. ಕಲ್ಲಿನ ಮೇಲಿನ ಹೆಸರು ಓದುವವರು ಯಾರು, ಕೈಯಲ್ಲಿ ಹಿಡಿಯುವ ಹೆಸರು ಮರೆಯುವವರು ಯಾರು ಎಂದೆ. ಅವರು ಎಲೆ ಜಗಿದು ಮುಗಿಸಿ ಅಂಗಳಕ್ಕೆ ಉಗಿದು ಬಂದರು.

"ಮುಚ್ಚಳದ ಮ್ಯಾಲೆ ಆಕು" ಎಂದರು ಕೊನೆಗೆ. "ತಳದಾಗೆ ಬ್ಯಾಡ. 'ಸೇವೆ' ಅಂತ ಬರಬೇಕು."

"ಬರತ್ತೆ. ಆದ್ರೆ ಶಾಂತವ್ವನ ಶೆಡ್ಡು ಅಲ್ಲೇ ಇರತ್ತೆ. ಡಬ್ಬಿ ದುಡ್ಡು ನಿಮ್ಮದು, ಗೋಡೆಗೆ ಒಂದು ಪೈಪು, ಕೊಕ್ಕೆನೂ ನೀವು ಹಾಕಿಸ್ತೀರಿ."

"ಅದಿರ್ಲಿ, ಕುಂತಿರೋ ದೇವ್ರನ್ನ ಎತ್ತಿದ ಪಾಪ ಯಾರ್ಗಮ್ಮ?"

"ತಂದಿಟ್ಟವರೇ ತಗೊಂಡು ಹೋದ್ರೆ ಪಾಪ ಎಲ್ಲಿಂದ ಬಂತು?"

"ಯಾರಮ್ಮ ಒಪ್ಕೊಂತಾರೆ ತಂದಿಟ್ಟೆ ಅಂತ?"

"ಅದು ನನಗೆ ಬಿಡಿ. ಒಪ್ಕೊಳ್ಳದಿದ್ರೆ ಗುಡೀನೇ ಆಗ್ಲಿ."

ಈ ಕೊನೆಯ ಮಾತು ಬಾಯಿ ಜಾರಿ ಬಂತು. ಶಾಂತವ್ವನ ಒಲೆಯನ್ನು ನಾನು ಪಣಕ್ಕೆ ಇಟ್ಟುಬಿಟ್ಟಿದ್ದೆ, ಅವಳನ್ನು ಒಂದು ಮಾತು ಕೇಳದೆ.

ನನ್ನ ಅಟ್ಟದ ಮೇಲೆ ಮುಚ್ಚಳವಿರುವ, ಹಿಡಿಯಿರುವ ಡಬ್ಬಿಗಳ ಒಂದು ಲಾಟು ಇತ್ತು. ಸಾಗಿಸುವಾಗ ನೆಗ್ಗಿದ ಮಾಲು. ಮುಚ್ಚಳ ಗಟ್ಟಿ, ಹೊಟ್ಟೆ ಸೊಟ್ಟ. ಎಷ್ಟು ಬಣ್ಣ ಕಟ್ಟಿ ಹೇಳಿದರೂ ಮಾರಾಟವಾಗಿರಲಿಲ್ಲ. ಹೌದು, ಅವನ್ನೇ ಇಳಿಸಿದೆ. ನಾನು ಧರ್ಮಾತ್ಮಳೆಂದು ಎಲ್ಲೂ ಹೇಳಿಕೊಂಡಿಲ್ಲವಲ್ಲ.

ಭಾನುವಾರ ಬೆಳಿಗ್ಗೆ ಆ ಡಬ್ಬಿಗಳಲ್ಲಿ ಹಿಡಿದಷ್ಟನ್ನು ಬುಟ್ಟಿಗೆ ತುಂಬಿ, ಎಷ್ಟೋ ವರ್ಷದ ಮೇಲೆ ತಲೆಯ ಮೇಲಿಟ್ಟುಕೊಂಡು ಗಲ್ಲಿಗೆ ಇಳಿದೆ. ಮೊಣಕಾಲು ಬೈಯಿತು, ಗಂಟಲು ಮಾತ್ರ ಅಮ್ಮನದೇ ಬಂತು.

"ಹಳೇ ದೇವ್ರಿಗೆ ಸ್ಟೀಲ್ ಡಬ್ಬೀ...!"

ಬಾಗಿಲುಗಳು ತೆರೆದವು. ಯಾರ ಪಟ ಮೂಲೆಯಲ್ಲಿದೆಯೋ ಅವರು ಅದನ್ನು ಮನೆಗೆ ತೆಗೆದುಕೊಂಡು ಹೋಗಬೇಕು, ಪಟಕ್ಕೊಂದು ಹೆಸರು ಹಾಕಿದ ಡಬ್ಬಿ ಎಂದು ಸಾರಿದೆ. ಒಬ್ಬರೂ ಕದಲಲಿಲ್ಲ. ಶಾಂತವ್ವ ಒಲೆಯ ಮುಂದೆ ಕೂತು ನನ್ನನ್ನೇ ನೋಡುತ್ತಿದ್ದಳು. ಮುನಿಕೃಷ್ಣಪ್ಪನವರು ಬೀದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಆಗಲೇ ಗುಡಿಯ ಅಳತೆ ಹಾಕುವವರ ಹಾಗೆ ಕೂತಿದ್ದರು. ನಾನು ಬುಟ್ಟಿ ಇಳಿಸಿ, ಒಂದು ಡಬ್ಬಿಯ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ಟಪ್ ಟಪ್ ಸದ್ದು ಮಾಡಿದೆ. ಮುಚ್ಚಳದ ಸದ್ದಿಗೆ ಸೋಲದ ಹೆಂಗಸನ್ನು ನಾನು ಇನ್ನೂ ನೋಡಬೇಕು.

"ಆ ಗೆದ್ದಲು ಹಿಡ್ದಿರೋ ವೆಂಕಟರಮಣ... ನಮ್ದೇ ಇರ್ಬೇಕು" ಎಂದಿತು ಹಿಂದಿನಿಂದ ಒಂದು ದನಿ.

ಅಷ್ಟೇ. ಕಟ್ಟೆ ಒಡೆಯಿತು. ಹೋದ ವಾರ ಕೇಳಿದಾಗ ಯಾವ ದೇವರ ಪರಿಚಯವೂ ಇಲ್ಲದವರು ಈಗ ಒಬ್ಬ ಗಣಪತಿಗೆ ಇಬ್ಬರಂತೆ ಬಿದ್ದರು.

"ನಮ್ದು ಕಣ್ರೀ! ಹಿಂದೆ ನಮ್ಮ ಮಾವನ ಹೆಸ್ರೈತೆ, ತಿರುಗ್ಸಿ ನೋಡ್ರೀ!"

"ಮೊನ್ನೆ ನಮ್ಮನೇಲಿ ಪಟಾನೇ ಇರ್ಲಿಲ್ಲ ಅಂದ್ಯಲ್ಲೇ?"

"ಮೊನ್ನೆ ಡಬ್ಬಿ ಇರ್ಲಿಲ್ವಲ್ಲಕ್ಕ!"

ಮೂಲೆಗೆ ಪಟ ತಂದಿಡದವರೂ ಇದ್ದರು, ದೇವರನ್ನು ಪಟದಲ್ಲಿ ಇಡದವರೂ ಇದ್ದರು. ಅವರಿಗೆ ನಮ್ಮ ಹಳೆ ದರವೇ ಆಯಿತು, ಬಟ್ಟೆಗೆ ಡಬ್ಬಿ. ಮಧ್ಯಾಹ್ನದವರೆಗೆ ಕೂತು ಹೆಸರು ಕೊರೆದೆ. ಹೊಟ್ಟೆಯ ಮೇಲೆ ಅವರವರ ಹೆಸರು, ಮುಚ್ಚಳದ ಮೇಲೆ 'ಮುನಿಕೃಷ್ಣಪ್ಪನವರ ಸೇವೆ'. ಯಜಮಾನರು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಒಂದೊಂದು ಮುಚ್ಚಳವನ್ನೂ ಪರೀಕ್ಷೆ ಮಾಡಿದರು.

ಕರಾರು ಸುಲಭದ್ದು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಹಸಿ ಕಸದ ಡಬ್ಬಿಯನ್ನು ಶೆಡ್ಡಿನಿಂದ ದೂರದ ಗೋಡೆಯ ಕೊಕ್ಕೆಗೆ ತೂಗುಹಾಕಿ ಹೋಗುವುದು. ಒಣ ಕಸ ಚೀಲದಲ್ಲಿ, ವಾರಕ್ಕೆ ಎರಡು ಸಲ. ಒಂಬತ್ತೂವರೆಗೆ ನಾಗರಾಜ ಬಂದು ಸುರಿದುಕೊಂಡು ಖಾಲಿ ಡಬ್ಬಿಯನ್ನು ಮತ್ತೆ ಕೊಕ್ಕೆಗೆ ಹಾಕುತ್ತಾನೆ. ದಿನವಿಡೀ ಡಬ್ಬಿಗಳ ಮೇಲೆ ಕಣ್ಣಿಡುವವಳು ಶಾಂತವ್ವ. ಸಂಜೆ ಬಂದು ಡಬ್ಬಿ ಇಳಿಸಿಕೊಳ್ಳಬೇಕು. ಇಳಿಸಿಕೊಳ್ಳಲು ನಿಂತವರು ರೊಟ್ಟಿಯ ಪರಿಮಳ ಬಿಟ್ಟು ಎಲ್ಲಿಗೆ ಹೋಗುತ್ತಾರೆ? ಇದನ್ನು ನಾನು ಯಾರಿಗೂ ಬಿಡಿಸಿ ಹೇಳಲಿಲ್ಲ.

ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಎಂದರೆ ನೀವು ನಂಬಬಾರದು. ಒಬ್ಬಾಕೆ ಕ್ಯಾರಿಬ್ಯಾಗನ್ನೇ ಹಿಡಿದು ಬಂದಳು. "ಡಬ್ಬಿ ಎಲ್ಲಮ್ಮಾ?" ಎಂದರೆ, "ಹೊಸ ಡಬ್ಬಿಗೆ ಯಾರಾದ್ರೂ ಕಸ ಹಾಕ್ತಾರಾ ಅಕ್ಕ? ಹುಣಸೆಹಣ್ಣು ತುಂಬಿಟ್ಟಿದೀನಿ" ಎಂದಳು. ವಿಚಾರಿಸಿದರೆ ಹಾಗೆ ತುಂಬಿಟ್ಟವರು ಐದಾರು ಜನ. ಅವರ ಕೊಕ್ಕೆಗಳು ಖಾಲಿ ತೂಗುತ್ತಿದ್ದವು, ಎಲ್ಲರಿಗೂ ಕಾಣುವ ಹಾಗೆ. ವಾರದೊಳಗೆ ಹುಣಸೆಹಣ್ಣು ಹಳೆಯ ಭರಣಿಗೆ ವಾಪಸ್ಸು ಹೋಯಿತು.

ಇನ್ನು ಆ ಲಕ್ಷ್ಮಿ. ಆ ಭಾನುವಾರ ಎಲ್ಲ ಪಟಗಳೂ ಮನೆ ಸೇರಿ, ಕರೆಯೋಲೆ ಹಾರಗಳನ್ನು ಬೇರೆ ಮಾಡಿ, ಕೊನೆಗೆ ಗೋಡೆಗೆ ಒರಗಿ ಉಳಿದದ್ದು ಅದೊಂದೇ. ಶಾಂತವ್ವ ಸೆರಗಿನಿಂದ ಅದರ ಧೂಳು ಒರೆಸಿ ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು.

"ಇದು ಯಾರದರಿ? ಯಾರೂ ಇಲ್ಲೇನು ಈ ತಾಯಿಗೆ?"

ನಾನು ಮೆಷಿನ್ನಿನ ವೈರು ಸುತ್ತುವುದರಲ್ಲಿ ಬಹಳ ತಲ್ಲೀನಳಾದೆ.

"ಯಕ್ಕಾ, ನಿನಗೊಂದು ಪ್ರಶ್ನಿ. ಈ ಗಾಜು ಒಡದು ಎಷ್ಟು ದಿನ ಆಗಿತ್ತು?"

"ಒಂದೆರಡು ವರ್ಷ ಆಗಿತ್ತೇನೋ."

"ಎರಡು ವರ್ಷ ಬೀರು ಹಿಂದ ಇಟ್ಟಿದ್ದಿ. ಎಲ್ಲಿ ಒಗೀಬೇಕಂತ ತಿಳೀವಲ್ದಾಗಿತ್ತು, ಹೌದಿಲ್ಲ?"

ಗಲ್ಲಿಗೆ ಗಲ್ಲಿಯೇ ನಕ್ಕಿತು. ಮುನಿಕೃಷ್ಣಪ್ಪನವರು ಕುರ್ಚಿಯಿಂದ ಜಾರುವಷ್ಟು ನಕ್ಕರು. ಆ ಮೂಲೆಗೆ ಮೊದಲ ಹಳೆ ದೇವರನ್ನು ತಂದು ಹಾಕಿದವಳು ನಾನೇ. ಅಲ್ಲಿಯವರೆಗೂ ಅದು ನನಗೇ ಹೊಳೆದಿರಲಿಲ್ಲ ಎಂದರೆ ನೀವು ನಂಬುತ್ತೀರೋ ಇಲ್ಲವೋ. ಹೊಳೆದಿತ್ತೇನೋ, ಸ್ವಲ್ಪ. ಶಾಂತವ್ವ ಬುಟ್ಟಿಯ ತಳದಲ್ಲಿ ಉಳಿದಿದ್ದ ಎಲ್ಲಕ್ಕಿಂತ ಸೊಟ್ಟ ಡಬ್ಬಿಯನ್ನು ಆರಿಸಿ ನನ್ನ ಕೈಗಿಟ್ಟಳು. "ತಗೋ, ನಿನ್ನ ಹೆಸರು ನೀನ ಕೊರ್ಕೋ." ಮೊದಲನೆಯ ಕೊಕ್ಕೆಗೆ ಈಗಲೂ ತೂಗುವುದು ಅದೇ. ಜಯಮ್ಮ ಎಂದು ಬರೆದಿದೆ, ನೆಗ್ಗಿದ ಜಾಗದಲ್ಲಿ ಅಕ್ಷರ ಒಳಕ್ಕೆ ಹೋಗಿದೆ.

ಪಟ ಅಂಗಡಿಗೆ ಬಂತು, ಬಿರುಕಿನ ಸಮೇತ. ಪ್ರತಿ ಶುಕ್ರವಾರ ಸಂಜೆ ಶಾಂತವ್ವ ಒಲೆಯ ಮೊದಲ ಎರಡು ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ತಂದು ಲಕ್ಷ್ಮಿಯ ಮುಂದೆ ಇಡುತ್ತಾಳೆ. ದೇವಿ ಒಂದು ನಿಮಿಷ ನೋಡುತ್ತಾಳೆ, ಆಮೇಲೆ ನಾನು ತಿನ್ನುತ್ತೇನೆ. ಹೋದ ಶುಕ್ರವಾರ ಅವಳ ಶೆಡ್ಡಿನ ಮುಂದೆ ಜನ ಡಬ್ಬಿ ಹಿಡಿದು ಸಾಲಾಗಿ ನಿಂತಿದ್ದರು. ಆದರೂ ಓಡಿ ಬಂದು ಬಟ್ಟೆಗಂಟು ನನ್ನ ಕೈಗಿಟ್ಟಳು. ನಾನು ಬಿಡಿಸಿದೆ. ಮೇಲಿನ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು, ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಬೀದಿಯ ಇಳಿಬಿಸಿಲಿಗೆ ಎತ್ತಿಬಿಟ್ಟಿದ್ದೆ. ತೆಳ್ಳಗಿನ ರೊಟ್ಟಿ, ಆಚೆಗಿನ ಬೆಳಕು ಹಾಯ್ದು ಬಂತು.

ಶಾಂತವ್ವ ಸೊಂಟದ ಮೇಲೆ ಕೈ ಇಟ್ಟು ನೋಡುತ್ತಿದ್ದಳು.

"ಸವದಿಲ್ಲ ಯಕ್ಕಾ, ಹೊಸಾದು" ಎಂದಳು. "ತಿನ್ನು, ಆರತೈತಿ."